ದಾಕ್ಷಿಯ ಬೋಗುಣಿ

ಹನ್ನೊಂದು ಬೋಗುಣಿಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಬಿಸಿಲಿಗೆ ಬೋರಲು ಹಾಕಿದೆ. ಆರಿದ ಮೇಲೆ ಒಂದೊಂದನ್ನೇ ಒಣಬಟ್ಟೆಯಿಂದ ಒರೆಸಿ, ಸಾಲಾಗಿ ಹಾಕಿದ್ದ ಮಣೆಗಳ ಮುಂದೆ ಇಟ್ಟು, ಚೊಂಬಿನಿಂದ ನೀರು ಹೊಯ್ದೆ. ಅಂಚಿಗೆ ಎರಡು ಬೆರಳು ಕಡಿಮೆ. ಈ ಕೆಲಸ ಮಾಡುವಾಗ ಮಾತಾಡಬಾರದು, ಗುನುಗಬಾರದು, ಮನೆಯಲ್ಲಿ ಆದದ್ದನ್ನು ನೆನೆಯಬಾರದು. ಹೊಯ್ದ ನೀರು ನಿಲ್ಲುವವರೆಗೆ ಉಸಿರನ್ನೂ ಮೆಲ್ಲಗೆ ಬಿಡಬೇಕು. ಆರು ವರ್ಷದಿಂದ ದಿನಾ ಬೆಳಿಗ್ಗೆ ಇದನ್ನು ಮಾಡುತ್ತಿದ್ದೇನೆ. ಹನ್ನೊಂದನೆಯ ಬೋಗುಣಿ ತುಂಬುವ ಹೊತ್ತಿಗೆ ಮೊದಲನೆಯದರಲ್ಲಿ ಮಾಡಿನ ಹೆಂಚುಗಳು ತಲೆಕೆಳಗಾಗಿ ಮೂಡಿರುತ್ತವೆ. ಆಗ ನಾನು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಮಕ್ಕಳು ಬರುವ ಹೊತ್ತು.

ನಮ್ಮ ಊರಿನಲ್ಲಿ ನೀರು ಹತ್ತಿರ ಇರುವವರನ್ನು ನೋಡಿಕೊಂಡು ಅಲುಗುತ್ತದೆ. ಅದಕ್ಕೇ ಹೋಟೆಲಿನವರು ಕಾಫಿಯನ್ನು ಆಳದ ಲೋಟದಲ್ಲಿ ಮುಕ್ಕಾಲು ಮಾತ್ರ ಕೊಡುತ್ತಾರೆ. ಗಂಡ ಹೆಂಡಿರ ಜಗಳವಾದ ಮನೆಯಲ್ಲಿ ಅಂದು ಸಾರು ಮಾಡುವುದಿಲ್ಲ, ರೊಟ್ಟಿ ಪಲ್ಯದಲ್ಲಿ ಮುಗಿಸುತ್ತಾರೆ. ಆದ್ದರಿಂದ ಯಾರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೂ ನೆರೆಯವರು ಕಿಟಕಿಯಿಂದ ಒಂದು ಸಲ ಇಣುಕುತ್ತಾರೆ. ಪಂಚಾಯಿತಿ ಸಭೆಯಲ್ಲಿ ಮೇಜಿನ ಮೇಲೆ ನೀರಿಡುವ ಪದ್ಧತಿ ನಿಂತು ಬಹಳ ಕಾಲವಾಯಿತು. ಕೆರೆ ಮಾತ್ರ ದೊಡ್ಡದು, ಅದು ಯಾರೊಬ್ಬರನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮನಸ್ಸು ತೀರಾ ಕೆಟ್ಟಾಗ ಜನ ಅಲ್ಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬರುತ್ತಾರೆ.

ಮಕ್ಕಳಾದ ಮೇಲೆ ನೀರು ನಿಲ್ಲುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ನಾಮಕರಣದ ದಿನ ಬಾಣಂತಿಯ ಪಕ್ಕದಲ್ಲಿ ತುಂಬಿದ ಕೊಳಗ ಇಟ್ಟು ಮಗುವನ್ನು ಅವಳ ಮಡಿಲಿಗೆ ಹಾಕುತ್ತಾರೆ. ಕೊಳಗದ ನೀರು ಕನ್ನಡಿಯಂತೆ ನಿಂತಾಗ ಹೆಂಗಸರು ಹಾಡು ಹೇಳುತ್ತಾರೆ. ಆ ಹೊತ್ತಿಗೆ ಸರಿಯಾಗಿ ಮಗು ಕಿಟಾರನೆ ಚೀರುತ್ತದೆ. ಹಸಿವಾಗಿರಬೇಕು ಎನ್ನುತ್ತಾರೆ.

ನಾನು ಕೆಲಸ ಮಾಡುವುದು ಹಳೇ ಗಾಣದ ಮನೆಯ ಹಿಂದಿನ ಶಾಲೆಯಲ್ಲಿ. ಅದಕ್ಕೆ ಬೋರ್ಡಿನ ಮೇಲೆ ಬೇರೆ ಹೆಸರಿದೆ. ಊರಿನವರು ಕರೆಯುವುದು ಅಲುಗೋ ಮಕ್ಕಳ ಶಾಲೆ ಅಂತ. ದೊಡ್ಡ ಶಾಲೆಯಲ್ಲಿ ಯಾರ ಪಕ್ಕದ ನೀರು ನಿಲ್ಲುವುದಿಲ್ಲವೋ, ಯಾರು ಕಚ್ಚುತ್ತಾರೋ, ಪುಸ್ತಕ ಹರಿಯುತ್ತಾರೋ, ಇಡೀ ದಿನ ಬೆಂಚಿನ ಕೆಳಗೆ ಕೂರುತ್ತಾರೋ, ಅಂಥವರನ್ನು ಇಲ್ಲಿಗೆ ಕಳಿಸುತ್ತಾರೆ. ಕಲಿಸುವವರು ಅನಸೂಯ ಮೇಡಂ ಒಬ್ಬರೇ. ಇಪ್ಪತ್ತು ವರ್ಷದಿಂದ ಇದ್ದಾರೆ. ಅವರಿಗೆ ಸ್ವಂತ ಮಕ್ಕಳಿಲ್ಲ. ಆದರೂ ಅವರ ಲೋಟದ ನೀರು ಗಾಜಿನ ಬಿಲ್ಲೆಯಂತೆ ನಿಂತಿರುತ್ತದೆ. ಯಾರಾದರೂ ಕೇಳಿದರೆ, "ಯಾಕೆ, ನಂಗೆ ಹನ್ನೊಂದು ಮಕ್ಕಳಲ್ವಾ?" ಎಂದು ನಗುತ್ತಾರೆ.

ನೆಲ ಒರೆಸುವುದು, ಒದ್ದೆ ಲಂಗ ಬದಲಿಸುವುದು, ಎಸೆದ ಸ್ಲೇಟು ಹೆಕ್ಕುವುದು, ಯಾರಾದರೂ ತಲೆಯನ್ನು ಗೋಡೆಗೆ ಗುದ್ದಿಕೊಂಡರೆ ಗೋಡೆಗೂ ತಲೆಗೂ ನಡುವೆ ನನ್ನ ಅಂಗೈ ಇಡುವುದು, ಇವು ನನ್ನ ಕೆಲಸ. ನನ್ನ ಹೆಸರು ನಾಗವೇಣಿ. ಮಕ್ಕಳಿಗೆ ವೇಣಕ್ಕ. ನನಗೆ ಮಾತು ಕಡಿಮೆ. ನಾಲ್ಕು ಜನ ಇದ್ದ ಕಡೆ ಬಾಯಿ ತೆರೆದರೆ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಐದನೆಯ ತರಗತಿಗೇ ಶಾಲೆ ಬಿಟ್ಟೆ. ನನ್ನ ನೀರೂ ನಿಲ್ಲುತ್ತಿರಲಿಲ್ಲ. ಆಗ ಇಂಥ ಶಾಲೆ ಇದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಮರ್ಯಾದೆಗೆ ಅಂಜಿದ್ದಿರಬೇಕು.

ಮೇಡಂ ಕಲಿಸುವುದನ್ನು ನೋಡುತ್ತಾ ನೋಡುತ್ತಾ ನನಗೂ ಮಗ್ಗಿ ಬಂತು. ಅವರು ಬೈಯುವುದಿಲ್ಲ. ಬೋರೇಶ ಸಿಟ್ಟು ಬಂದರೆ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಾನೆ. ಅವನಿಗೆ ಸುತ್ತಿದ ಟವೆಲೊಂದನ್ನು ಕೊಟ್ಟು, "ಇದನ್ನ ಕಚ್ಚಪ್ಪಾ, ಇದಕ್ಕೆ ನೋವಾಗಲ್ಲ" ಎನ್ನುತ್ತಾರೆ. ಮುನೀರ ಬೆಂಚಿನ ಕೆಳಗೆ ಹೊಕ್ಕರೆ ಅವರೂ ನೆಲದ ಮೇಲೆ ಮಲಗಿ, ಕೆನ್ನೆಯನ್ನು ಸಿಮೆಂಟಿಗೆ ಒತ್ತಿ, ಅಲ್ಲಿಂದಲೇ ಎರಡೊಂದ್ಲೆರಡು ಶುರು ಮಾಡುತ್ತಾರೆ. ಏಳು ಎಂಟಕ್ಕೆ ಬರುವಷ್ಟರಲ್ಲಿ ಅವನ ಒಂದು ಕೈ ಹೊರಗೆ ಬರುತ್ತದೆ. ಹತ್ತು ಮುಗಿಯುವಾಗ ಮೂಗು. ಪಾಠದ ನಡುನಡುವೆ ಎಲ್ಲರೂ ತಂತಮ್ಮ ಬೋಗುಣಿಯ ಮುಂದೆ ಕೂತು ನೀರನ್ನು ನೋಡಬೇಕು. ನೀರು ನಿಂತರೆ ಮನಸ್ಸು ನಿಂತಿತು, ನೀರು ಅಲುಗಿದರೆ ಮತ್ತೆ ನೂರರಿಂದ ಹಿಂದಕ್ಕೆ ಎಣಿಸಬೇಕು. ಹೀಗೆ ಕಲಿತವರು ಎಷ್ಟೋ ಜನ ದೊಡ್ಡ ಶಾಲೆಗೆ ಹೋಗಿದ್ದಾರೆ.

ದಾಕ್ಷಿ ಹೋಗಿರಲಿಲ್ಲ. ಅವಳಿಗೆ ಒಂಬತ್ತು ವರ್ಷ, ಪೂರ್ತಿ ಹೆಸರು ದಾಕ್ಷಾಯಿಣಿ. ಅವಳ ಬೋಗುಣಿಯ ನೀರು ಬರೀ ಅಲುಗುತ್ತಿರಲಿಲ್ಲ, ಎದ್ದು ಅಂಚು ಹಾರಿ ನೆಲಕ್ಕೆ ಬೀಳುತ್ತಿತ್ತು. ಉಳಿದ ಮಕ್ಕಳು, "ದಾಕ್ಷಿ ಬೋಗುಣೀಲಿ ಕಪ್ಪೆ ಐತೆ, ಕಪ್ಪೆ ಐತೆ" ಎಂದು ಕುಣಿಯುತ್ತಿದ್ದರು. ಅವಳು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಆಮೇಲೆ ಆ ಕೈಯನ್ನೇ ನೋಡಿಕೊಂಡು ಅಳುತ್ತಿದ್ದಳು. ಒಂದು ದಿನ ನೆಲ ಒರೆಸುತ್ತಿದ್ದ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು, "ವೇಣಕ್ಕ, ನೀರಿಗೆ ನನ್ನ ಕಂಡ್ರೆ ಯಾಕಾಗಲ್ಲ?" ಎಂದು ಕೇಳಿದಳು. ಒರೆಸುವ ಬಟ್ಟೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟೆ. ಇಬ್ಬರೂ ಹಿಂಡಿದೆವು.

ವರ್ಷಕ್ಕೊಮ್ಮೆ, ಮಾಘದ ಕೊನೆಯ ಗುರುವಾರ, ನೀರು ನೋಡುವ ದಿನ. ಕೆರೆ ಕಚೇರಿಯಿಂದ ಸಾಹೇಬರೊಬ್ಬರು ಬರುತ್ತಾರೆ. ಮಗುವನ್ನು ಬೋಗುಣಿಯ ಮುಂದೆ ಕೂರಿಸುತ್ತಾರೆ. ಹಿಂದೆ ತಾಯಿಯೋ ತಂದೆಯೋ ನಿಂತು ಎರಡೂ ಕೈಗಳನ್ನು ಮಗುವಿನ ಹೆಗಲ ಮೇಲೆ ಇಡುತ್ತಾರೆ. ಊದುಬತ್ತಿ ಎರಡು ಗೆಣ್ಣಿನಷ್ಟು ಉರಿಯುವವರೆಗೆ ನೀರು ನಿಲ್ಲಬೇಕು. ಮೂರು ವರ್ಷವೂ ನಿಲ್ಲದಿದ್ದರೆ ಆ ಮಗು ಒಣಮನೆಗೆ ಹೋಗುತ್ತದೆ. ಕಲ್ಲುಗುಡ್ಡದ ಆಚೆ ಇರುವ ಆ ಮನೆಯಲ್ಲಿ ನೀರು ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುತ್ತಾರಂತೆ. ಕುಡಿಯುವುದಕ್ಕೂ ಬಾಯಿ ಕಟ್ಟಿದ ಸೋರೆಬುರುಡೆ, ಅದಕ್ಕೊಂದು ನಳಿಗೆ. ಅಲ್ಲಿನ ಮಕ್ಕಳು ವರ್ಷಕ್ಕೆ ಎರಡು ಸಲ ಮನೆಗೆ ಬರುತ್ತಾರೆ. ಬಹಳ ಶಾಂತವಾಗಿರುತ್ತಾರೆ. ಊಟಕ್ಕೆ ಬಾ ಎಂದರೆ ಬರುತ್ತಾರೆ, ಬೇಡ ಎಂದರೆ ನಿಲ್ಲುತ್ತಾರೆ. ದಾಕ್ಷಿಯದು ಎರಡು ವರ್ಷ ಮುಗಿದಿತ್ತು.

ಅವಳ ತಾಯಿ ಸುಕನ್ಯಕ್ಕ ಸೀರೆಗೆ ಫಾಲ್ ಹಚ್ಚುವವರು. ದಿನಾ ಮಗಳ ಕೈ ಹಿಡಿದು ಬರುತ್ತಿದ್ದರು. ಮಗಳಿಗೆ ಎರಡು ಬಿಗಿ ಜಡೆ, ಜಡೆಗೆ ಕನಕಾಂಬರ. ಅವರ ಮುಖದಲ್ಲಿ ಸದಾ ನಗು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಗಂಡ ಉಗ್ಗ ಹಿಡಿದು ಹಾಲು ತರಲು ಹೋದವರು ವಾಪಸು ಬರಲಿಲ್ಲ. ಯಾರಾದರೂ ಕೇಳಿದರೆ, "ಹಾಲು ತರೋಕೆ ಹೋಗಿದಾರೆ" ಎಂದು ಸುಕನ್ಯಕ್ಕ ಅದೇ ನಗುವಿನಲ್ಲಿ ಹೇಳುತ್ತಿದ್ದರು. ಅವರ ನೀರು ಒಂದು ದಿನವೂ ಅಲುಗಿದ್ದನ್ನು ಯಾರೂ ಕಂಡಿರಲಿಲ್ಲ. "ಎಂಥಾ ಗಟ್ಟಿ ಹೆಂಗಸು, ಅದರ ಹೊಟ್ಟೇಲಿ ಎಂಥದು ಹುಟ್ತು ನೋಡು" ಎಂದು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು. ಶಾಲೆಯ ಬಾಗಿಲಲ್ಲಿ ಸುಕನ್ಯಕ್ಕ ಮಗಳ ಭುಜ ಒತ್ತಿ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಬಿಟ್ಟು ಹೋಗಲು ಕಷ್ಟ ಎಂಬಂತೆ. ಅವರು ಹೋದ ಮೇಲೆ ಅರ್ಧ ಗಂಟೆ ದಾಕ್ಷಿಯ ಬೋಗುಣಿಯಲ್ಲಿ ನೀರು ಉಳಿಯುತ್ತಿರಲಿಲ್ಲ.

ಪುಷ್ಯದಲ್ಲಿ ಸುಕನ್ಯಕ್ಕನಿಗೆ ಜ್ವರ ಬಂತು. ಐದು ದಿನ ದಾಕ್ಷಿಯನ್ನು ಕರೆತಂದವಳು ಪಕ್ಕದ ಮನೆಯ ಹೂವಿನ ರಾಚಜ್ಜಿ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಹೂವಿಗೆ ಚಿಮುಕಿಸುವ ನೀರಿನ ಚೊಂಬು ಅವಳ ಬುಟ್ಟಿಯಲ್ಲಿ ಯಾವಾಗಲೂ ತಟಪಟ ಕುಣಿಯುತ್ತಿರುತ್ತದೆ. "ನಂದು ಒಂಟಿ ನೀರು, ಕುಣೀತದೆ. ಕುಣೀಲಿ ಬಿಡವ್ವ, ಹೂವಿಗೆ ಚಿಮುಕ್ಸೋ ಕಷ್ಟ ತಪ್ತು" ಎನ್ನುತ್ತಾಳೆ. ದಾರಿಯುದ್ದಕ್ಕೂ ನಾಯಿಯನ್ನು, ಬಿಸಿಲನ್ನು, ಪಂಚಾಯಿತಿಯನ್ನು ಬೈದುಕೊಂಡು ಬಂದು, ಬುಟ್ಟಿ ಹೊತ್ತ ತನ್ನ ಕೈಗಳೆರಡೂ ಖಾಲಿ ಇಲ್ಲದ್ದರಿಂದ, "ಒಳೀಕೆ ನಡಿಯೇ ಗುಬ್ಬಿ" ಎಂದು ಗದರಿ ಹೋಗುತ್ತಿದ್ದಳು. ಆ ಐದು ದಿನ ದಾಕ್ಷಿಯ ಬೋಗುಣಿ ನಿಂತಿತ್ತು. ಅಂಚಿನಲ್ಲಿ ಒಂದು ಸಣ್ಣ ನಡುಕ ಇರುತ್ತಿತ್ತು, ಅಷ್ಟೇ. ಅವಳು ಮೂರರ ಮಗ್ಗಿ ಹೇಳಿದಳು. ಮೇಡಂ, "ಔಷಧಿ ಹಿಡಿಸ್ತು ಕಣೆ, ನಾನು ಕುಡಿಸ್ತಿರೋ ಆ ಹೊಸ ಕಷಾಯ" ಎಂದು ಖುಷಿಪಟ್ಟರು. ಆರನೆಯ ದಿನ ಜ್ವರ ಬಿಟ್ಟ ಸುಕನ್ಯಕ್ಕ ನಗುತ್ತಾ ಮಗಳ ಕೈ ಹಿಡಿದು ಬಂದರು. ಹತ್ತು ಗಂಟೆಗೆ ಸ್ಲೇಟು ಕಿಟಕಿಗೆ ಬಡಿದು ಎರಡು ಹೋಳಾಯಿತು.

ನಾನು ನೋಡುವವಳು. ಮಾತಾಡದವರಿಗೆ ನೋಡುವುದೊಂದೇ ಉಳಿದಿರುತ್ತದೆ. ಉಗ್ರಾಣದ ಗೋಡೆಯ ಮೇಲೆ ಇದ್ದಲಿನಿಂದ ಗುರುತು ಹಾಕಲು ತೊಡಗಿದೆ. ತಾಯಿ ಬಂದ ದಿನಕ್ಕೆ ಗೀಟು, ನೀರು ಹಾರಿದ್ದಕ್ಕೆ ಚುಕ್ಕೆ. ತಾಯಿ ಹೆಚ್ಚು ನಕ್ಕ ದಿನ ಚುಕ್ಕೆಯೂ ದಪ್ಪ. ಆದರೆ ಅದನ್ನು ನೋಡಿಯೂ ನನಗೆ ಏನೂ ತಿಳಿಯಲಿಲ್ಲ. ತಿಳಿದದ್ದು ನನ್ನಿಂದಲೇ.

ಅದು ಬುಧವಾರ. ಸಂಜೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬೆಳಗಿನಿಂದ ಹೊಟ್ಟೆಯಲ್ಲಿ ಒಂದು ಮುಷ್ಟಿ ಬಿಗಿದುಕೊಂಡಿತ್ತು. ಮಧ್ಯಾಹ್ನ ದಾಕ್ಷಿಯ ತಲೆ ಒದ್ದೆಯಾಗಿದೆ ಎಂದು ಅವಳನ್ನು ಮುಂದೆ ಕೂರಿಸಿಕೊಂಡು ಬಾಚುತ್ತಿದ್ದೆ. ನನ್ನ ಪಕ್ಕದಲ್ಲಿ ಕುಡಿಯಲು ತಂದಿಟ್ಟ ಲೋಟ. ಎಷ್ಟು ಜನ ಬರುತ್ತಾರೋ, ಏನು ಕೇಳುತ್ತಾರೋ, ನಾಲಿಗೆ ಅಂಟಿದರೆ ಏನು ಮಾಡಲಿ ಎಂದು ಯೋಚಿಸುತ್ತಾ ಲೋಟದ ಕಡೆ ನೋಡಿದೆ. ನೀರು ಕಲ್ಲಿನಂತೆ ನಿಂತಿತ್ತು. ಅಷ್ಟು ಹೊತ್ತು ಸುಮ್ಮನಿದ್ದ ದಾಕ್ಷಿಯ ಬೋಗುಣಿ ಮಾತ್ರ ತಳಮಳ ಕುದಿಯತೊಡಗಿತು. ಅವಳು ಬಾಚಣಿಗೆ ಕಿತ್ತುಕೊಂಡು ಎಸೆದಳು. ನಾನು ಬೆದರಿ ಕೈ ತೆಗೆದು ಒಂದು ಮಾರು ಹಿಂದೆ ಸರಿದೆ. ಅವಳ ಬೋಗುಣಿ ಮೆಲ್ಲಗೆ ತಣಿಯಿತು. ನನ್ನ ಲೋಟ ನಡುಗತೊಡಗಿತು.

ಮತ್ತೆ ಹತ್ತಿರ ಹೋಗಿ ಅವಳ ನೆತ್ತಿಯ ಮೇಲೆ ಕೈ ಇಟ್ಟೆ. ಹೊಟ್ಟೆಯೊಳಗಿನ ಮುಷ್ಟಿ ಸಡಿಲವಾಯಿತು. ಎಷ್ಟು ಹಿತವಾಗಿತ್ತು ಎಂದರೆ ಕಣ್ಣು ಮುಚ್ಚಿಕೊಂಡಿತು. ಬೋಗುಣಿಯ ನೀರು ಎದ್ದು ನನ್ನ ಪಾದದ ಮೇಲೆ ಬಿತ್ತು. ಕೈ ತೆಗೆದೆ. ಇನ್ನೊಮ್ಮೆ ಇಟ್ಟೆ. ಎರಡನೆಯ ಸಲ ಇಟ್ಟದ್ದು ತಿಳಿದುಕೊಳ್ಳಲು. ಮೂರನೆಯ ಸಲ ಇಟ್ಟದ್ದು ಹಿತಕ್ಕೆ. ಅದನ್ನು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ.

ಸಂಜೆ ಅಮ್ಮ ಪಕ್ಕದ ಮನೆಯ ಮಗುವನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಹೆಣ್ಣು ನೋಡಲು ಬಂದಾಗ ಹುಡುಗಿಯ ತೊಡೆಯ ಮೇಲೆ ಮಗು ಇದ್ದರೆ ಶುಭ ಎಂದು ನಮ್ಮಲ್ಲಿ ನಂಬಿಕೆ. ಚಿಕ್ಕವಳಿದ್ದಾಗ ನನ್ನನ್ನೂ ಎಷ್ಟೋ ಮನೆಗಳಿಗೆ ಕರೆದೊಯ್ದಿದ್ದರು. ಎಷ್ಟೋ ಅಕ್ಕಂದಿರ ಹೊಸ ಸೀರೆಯ ಮೇಲೆ ಕೂತು, ಕಾರಣವಿಲ್ಲದೆ ಅತ್ತು, ಲಾಡು ತಿಂದು ಬಂದಿದ್ದೆ. ನಾನು ಆ ಮಗುವನ್ನು ಇಳಿಸಿ ಹೊರಗೆ ಆಡಲು ಕಳಿಸಿದೆ. ತಟ್ಟೆಯಲ್ಲಿದ್ದ ಆರು ಲೋಟಗಳೂ ನನ್ನ ಕೈಯಲ್ಲಿ ಗಲಗಲ ಎಂದವು. ಗಂಡಿನ ಸೋದರತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಏನವ್ವಾ ಇದು, ಲೋಟನೋ ಗೆಜ್ಜೆನೋ?" ಎಂದರು. ಅವರು ಹೋದ ಮೇಲೆ ಅಮ್ಮ, "ಮಗೂನ ಯಾಕೆ ಇಳಿಸ್ದೆ? ಹೇಳಿರ್ಲಿಲ್ವಾ ನಾನು?" ಎಂದು ಬೈದು, ಆ ರಾತ್ರಿ ರೊಟ್ಟಿ ಬಡಿದಳು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಮೇಡಂ ಮುಂದೆ ನಿಂತೆ. ದಾಕ್ಷಿಯನ್ನು ಮುಟ್ಟಿದಾಗ ಆದದ್ದನ್ನೆಲ್ಲ ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಯಿತು. ಮುಗಿದ ಮೇಲೆ ಅವರು ತಮ್ಮ ಲೋಟವನ್ನು ನೋಡಿದರು. ಮಕ್ಕಳೆಲ್ಲ ಹೋಗಿ ಬಹಳ ಹೊತ್ತಾಗಿತ್ತು. ಲೋಟದಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದವು. ಅವರು ಅದನ್ನು ಅಂಗೈಯಿಂದ ಮುಚ್ಚಿದರು.

"ನೀನು ಐದನೇ ಕ್ಲಾಸಿಗೆ ಬಿಟ್ಟವಳು, ವೇಣಿ" ಎಂದರು.

"ಹೌದು ಮೇಡಂ."

"ಹಾಗನ್ನಬಾರದಿತ್ತು ನಾನು." ಲೋಟದ ಮೇಲಿನ ಕೈ ತೆಗೆಯದೆ, "ಇಪ್ಪತ್ತು ವರ್ಷ..." ಎಂದು ಅಲ್ಲೇ ನಿಲ್ಲಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಇದು ಊರಿಗೆ ಗೊತ್ತಾದ್ರೆ ಏನಾಗುತ್ತೆ ಯೋಚಿಸಿದ್ಯಾ? ಯಾವ ತಾಯೀನೂ ಮಗೂನ ಎತ್ಕೊಳ್ಳಲ್ಲ. ಎತ್ಕೊಳ್ಳೋಕೆ ಹೆದರ್ತಾರೆ. ಅದು ಬೇಕಾ ನಮಗೆ? ಯಾರ ಹತ್ರಾನೂ ಆಡಬೇಡ."

ನಾನು ಒರೆಸುವ ಬಟ್ಟೆ ಎತ್ತಿಕೊಂಡು ಹೊರಗೆ ಬಂದೆ.

ಅದರ ಮಾರನೆಯ ದಿನದಿಂದ ಮೇಡಂ ಮಕ್ಕಳಿಂದ ಒಂದು ಮಾರು ದೂರ ನಿಂತು ಪಾಠ ಹೇಳಿದರು. ಕೈ ಹಿಂದಕ್ಕೆ ಕಟ್ಟಿಕೊಂಡಿದ್ದರು. ಯಾರ ತಲೆಯನ್ನೂ ಸವರಲಿಲ್ಲ. ನೀರೆಲ್ಲ ನಿಂತಿತು, ಆದರೆ ತರಗತಿ ಮಂಕಾಯಿತು. ಬೋರೇಶ ಟವೆಲನ್ನು ಬಿಸಾಕಿ ಮುಂಗೈಯನ್ನೇ ಕಚ್ಚಿಕೊಂಡ. ಮೂರನೆಯ ದಿನ ಮುನೀರ ತಾನಾಗಿಯೇ ಬೆಂಚಿನ ಕೆಳಗಿನಿಂದ ತೆವಳಿ ಬಂದು ಅವರ ಸೆರಗು ಹಿಡಿದು ಜಗ್ಗಿ, "ಮಲ್ಕೊಳ್ಳಿ ಮೇಡಂ, ಎರಡೊಂದ್ಲೆರಡು" ಎಂದ. ಮೇಡಂ ಅವನನ್ನು ಎತ್ತಿಕೊಂಡರು. ಅವನ ಬೋಗುಣಿಯ ನೀರು ಹೊರಳಿ ಹೊರಳಿ ಚೆಲ್ಲಿತು. ಅವನು ಅದನ್ನು ನೋಡಲೇ ಇಲ್ಲ, ಅವರ ಕತ್ತು ಬಿಗಿಯಾಗಿ ತಬ್ಬಿಕೊಂಡಿದ್ದ. ಮೇಡಂ ನನ್ನ ಕಡೆ ತಿರುಗಿ, "ಒರೆಸೇ" ಎಂದರು. ಒರೆಸಿದೆ.

ಗುರುವಾರ ಹತ್ತಿರ ಬಂತು. ಊರಿಗೆ ಹೇಳುವುದು ಬೇಡ, ಸುಕನ್ಯಕ್ಕನಿಗೊಬ್ಬರಿಗೆ ಹೇಳಿದರೆ ಸಾಕು ಎಂದುಕೊಂಡೆ. ನಾಲ್ಕು ದಿನ ಬೆಳಿಗ್ಗೆ ಬಾಗಿಲಲ್ಲಿ ಕಾದೆ. ಅಕ್ಕಾ, ಅವತ್ತೊಂದು ದಿನ ಕೈ ಇಡಬೇಡಿ. ಇಷ್ಟೇ ಮಾತು. ಮನೆಯಲ್ಲಿ ಗೋಡೆಗೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ. ಮೊದಲ ದಿನ, "ಹೂ ಚೆನ್ನಾಗಿದೆ ಅಕ್ಕಾ" ಎಂದೆ. ಎರಡನೆಯ ದಿನವೂ ಹೂವಿನ ಮಾತೇ ಬಂತು. ಮೂರನೆಯ ದಿನ ಸುಕನ್ಯಕ್ಕ ನಗುತ್ತಾ ನನಗೂ ಒಂದು ಮೊಳ ಕನಕಾಂಬರ ತಂದುಕೊಟ್ಟರು. ನಾಲ್ಕನೆಯ ದಿನ ಅದನ್ನು ಮುಡಿದುಕೊಂಡು ನಿಂತಿದ್ದೆ, ಬಾಯಿ ತೆರೆಯಲೇ ಇಲ್ಲ. ಅವರು ಮಗಳ ಭುಜ ಹಿಡಿದು, "ನಾಳೆ ಚೆನ್ನಾಗಿ ಕೂತ್ಕೋಬೇಕು ಪುಟ್ಟಾ, ಅಮ್ಮ ಹಿಂದೇನೇ ಇರ್ತೀನಿ" ಎನ್ನುತ್ತಿದ್ದರು. ಹಾಗೆನ್ನುವಾಗ ಬೆರಳುಗಳು ಬಿಳಿಚಿಕೊಂಡಿದ್ದವು.

ಗುರುವಾರ ಸಾಹೇಬರು ಕೊಡೆ ಹಿಡಿದು ಬಂದರು. ದಪ್ಪ ಮೀಸೆ, ನಗೆಮಾತಿನ ಮನುಷ್ಯ. "ಏನು ಮೇಡಂ, ಈ ಸಲ ಎಷ್ಟು ಕಪ್ಪೆ ಹಿಡಿದಿದೀರಿ?" ಎಂದು ಕೇಳಿ ತಾವೇ ನಕ್ಕರು. ಹಜಾರದ ಗೋಡೆಗುಂಟ ತಾಯಂದಿರು ಮಕ್ಕಳನ್ನು ಒತ್ತಿಕೊಂಡು ಕೂತಿದ್ದರು. ಮೂಲೆಯಲ್ಲಿ ಕುಡಿಯುವ ನೀರಿನ ತಾಮ್ರದ ಹಂಡೆ. ಅದರ ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ನಾನು. ಬೋರೇಶನಿಗೆ ಇದು ಮೊದಲ ವರ್ಷ, ನಿಲ್ಲಲಿಲ್ಲ. ಸಾಹೇಬರು ಬರೆದುಕೊಂಡರು. ಮುನೀರನ ಅಜ್ಜ ಕೈ ಇಟ್ಟರು, ಅವನದು ನಿಂತಿತು. ಆಮೇಲೆ ದಾಕ್ಷಿಯನ್ನು ಕರೆದರು.

ಅವಳು ಹೊಸ ಲಂಗ ಉಟ್ಟಿದ್ದಳು. ಮಣೆಯ ಮೇಲೆ ಕೂತು ಕಣ್ಣನ್ನು ಗಟ್ಟಿಯಾಗಿ ಮುಚ್ಚಿದಳು. ಸುಕನ್ಯಕ್ಕ ಹಿಂದೆ ನಿಂತು ಎರಡೂ ಕೈಗಳನ್ನು ಅವಳ ಹೆಗಲ ಮೇಲೆ ಇಟ್ಟು ಸಭೆಯ ಕಡೆ ನಕ್ಕರು. ಸಾಹೇಬರು ಊದುಬತ್ತಿ ಹಚ್ಚಿದರು. ಬೋಗುಣಿಯ ಅಂಚಿನಲ್ಲಿ ನಡುಕ ಶುರುವಾಯಿತು. ನಡುವಿನಿಂದ ಒಂದು ಗುಳ್ಳೆಯಂತೆ ನೀರು ಉಬ್ಬಿತು. ದಾಕ್ಷಿಯ ಮುಚ್ಚಿದ ರೆಪ್ಪೆಗಳ ಕೆಳಗಿನಿಂದ ಕಣ್ಣೀರು ಇಳಿಯುತ್ತಿತ್ತು. ಒಣಮನೆಯಿಂದ ಬಂದಿದ್ದ ಗಾಡಿಯವನು ಹೊರಗೆ ಎತ್ತುಗಳಿಗೆ ಹುಲ್ಲು ಹಾಕುವ ಸದ್ದು ಕೇಳಿಸುತ್ತಿತ್ತು.

"ಕೈ ತೆಗೀರಿ" ಎಂದೆ.

ಯಾರು ಹೇಳಿದ್ದು ಎಂದು ನಾನೂ ತಿರುಗಿ ನೋಡುವವಳಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಯಾರಮ್ಮಾ ನೀನು?" ಸಾಹೇಬರು ಕೇಳಿದರು.

"ನೆಲ ಒರೆಸೋಳು."

"ನೀರು ಇನ್ನೂ ನೆಲಕ್ಕೆ ಬಿದ್ದಿಲ್ವಲ್ಲ ತಾಯಿ, ತಾಳು. ಬೀಳುತ್ತೆ, ಆಮೇಲೆ ಒರೆಸುವಂತೆ." ತಾಯಂದಿರು ನಕ್ಕರು. ದಾಕ್ಷಿಯೂ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

ನನ್ನ ನಾಲಿಗೆ ಅಂಟಿತು. ಆದ್ದರಿಂದ ಕಾಲು ನಡೆಯಿತು. ಹೋಗಿ ಸುಕನ್ಯಕ್ಕನ ಎರಡೂ ಕೈಗಳನ್ನು ಹಿಡಿದು ಮಗಳ ಹೆಗಲಿನಿಂದ ಮೇಲೆತ್ತಿದೆ. ಅವು ಮಂಜಿನಂತೆ ತಣ್ಣಗಿದ್ದವು. "ಏಯ್, ಏಯ್, ಹಿರಿಯರ ಕೈ ಇರಬೇಕಮ್ಮಾ, ಅದು ನಿಯಮ" ಎಂದು ಸಾಹೇಬರು ಎದ್ದರು. ಅಷ್ಟರಲ್ಲಿ ಮೇಡಂ ತಮ್ಮ ಜಾಗದಿಂದ ಅಲುಗದೆ, "ಯಾವ ನಿಯಮ ಸಾಹೇಬ್ರೆ? ಪುಸ್ತಕದಲ್ಲಿ ತೋರಿಸಿ" ಎಂದರು. ಸಾಹೇಬರು ಪುಸ್ತಕ ತೆರೆದರು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದರು. ಮಗು ಕೂರಬೇಕು, ನೀರು ಇರಬೇಕು, ಊದುಬತ್ತಿ ಎರಡು ಗೆಣ್ಣು ಉರಿಯಬೇಕು. ಕೈಯ ವಿಷಯ ಎಲ್ಲೂ ಬರೆದಿರಲಿಲ್ಲ. ಎಲ್ಲರೂ ಇಡುತ್ತಿದ್ದರು, ಅಷ್ಟೇ. "ಸರಿ, ಇನ್ನೊಂದು ಹಚ್ಚಿ" ಎಂದು ಅವರು ಕೂತರು.

ನಾನು ಸುಕನ್ಯಕ್ಕನನ್ನು ಹಿಂದಕ್ಕೆ ಕರೆದುಕೊಂಡು ಹೋದೆ. ಒಂದು ಹೆಜ್ಜೆ, ಎರಡು, ಮೂರು. ಹಂಡೆಯ ಪಕ್ಕದ ಗೋಡೆ ತಾಗುವವರೆಗೆ. ಹೊಸ ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇರಿತು. ಬೋಗುಣಿಯ ಉಬ್ಬು ಇಳಿಯಿತು. ಅಂಚಿನ ನಡುಕ ಒಂದು ಕೂದಲೆಳೆಯಷ್ಟಾಯಿತು, ಆಮೇಲೆ ಅದೂ ಇಲ್ಲವಾಯಿತು. ದಾಕ್ಷಿ ಬಗ್ಗಿ ನೋಡಿದಳು. ತನ್ನ ಬೋಗುಣಿಯಲ್ಲಿ ಅವಳು ತನ್ನ ಮುಖವನ್ನು ಕಂಡದ್ದು ಅದೇ ಮೊದಲ ಸಲ ಇರಬೇಕು. ಮೂಗು ಮುಟ್ಟಿಕೊಂಡಳು, ಜಡೆ ಮುಟ್ಟಿಕೊಂಡಳು. ಬಿದ್ದುಹೋಗಿದ್ದ ಮುಂದಿನ ಹಲ್ಲಿನ ಜಾಗವನ್ನು ನಾಲಿಗೆಯಿಂದ ಒತ್ತಿ ನೋಡಿಕೊಂಡಳು. ಬೂದಿ ಎರಡನೆಯ ಗೆಣ್ಣಿಗೆ ಬಂದು ಉದುರಿತು. ಸಾಹೇಬರು ಬರೆದರು. ಅವರ ದಪ್ಪ ಅಕ್ಷರವನ್ನು ನಾನು ಇದ್ದಲ್ಲಿಂದಲೇ ಓದಿದೆ: ನಿಂತಿದೆ.

ಆಗ ಹಂಡೆಯ ಮುಚ್ಚಳ ಟಣ್ ಎಂದಿತು.

ಮೊದಲು ಅದು ಒಳಗೊಳಗೇ ಗೊಣಗಿತು, ಆಮೇಲೆ ಮುಚ್ಚಳ ಎದ್ದು ಬಿದ್ದು ಎದ್ದು ಬಿತ್ತು. ನೀರು ಕಂಠ ಮೀರಿ ಗೋಡೆಗೆ ಹಾರಿತು. ಅದರಲ್ಲಿ ನನ್ನದೆಷ್ಟು, ಸುಕನ್ಯಕ್ಕನದೆಷ್ಟು ಎಂದು ಹೇಳಲಾರೆ. ಆದರೆ ಅಷ್ಟು ನೀರನ್ನು ಎತ್ತುವುದು ನನ್ನ ಹೊಟ್ಟೆಯ ಮುಷ್ಟಿಗೆ ಆಗದ ಕೆಲಸ. ಗೋಡೆಗುಂಟ ಕೂತಿದ್ದ ತಾಯಂದಿರು ಎದ್ದು ದೂರ ಸರಿದರು. ಸರಿಯುತ್ತಲೇ ತಂತಮ್ಮ ಮಕ್ಕಳನ್ನು ಇನ್ನಷ್ಟು ಬಿಗಿಯಾಗಿ ಎದೆಗೆ ಒತ್ತಿಕೊಂಡರು. ಒತ್ತಿಕೊಂಡ ಕೂಡಲೇ ಒಬ್ಬರ ಹಿಂದೊಬ್ಬರು ಮಕ್ಕಳು ಅಳತೊಡಗಿದರು. ಆ ತಾಯಂದಿರಲ್ಲಿ ಒಬ್ಬಳು ತನ್ನ ಕೈಗಳನ್ನು ನೋಡಿಕೊಂಡು, ಮಗುವನ್ನು ಮೆಲ್ಲಗೆ ಕೆಳಗಿಳಿಸಿ, ಮತ್ತೆ ಎತ್ತಿಕೊಂಡಳು. ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಮೇಡಂ ಕಣ್ಣು ಮುಚ್ಚಿಕೊಂಡಿದ್ದರು.

"ಅಮ್ಮಾ, ನಿಂತ್ಕೊಂತು! ನೋಡಮ್ಮಾ, ನಿಂತ್ಕೊಂತು!" ಎಂದು ದಾಕ್ಷಿ ಓಡಿ ಬಂದಳು. ಸುಕನ್ಯಕ್ಕ ಅವಳನ್ನು ತಬ್ಬಲು ಬಾಗಿದವರು ತಟ್ಟನೆ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿದರು. ಮುಖದ ಮೇಲೆ ಆ ನಗು ಇನ್ನೂ ಹಾಗೆಯೇ ಇತ್ತು, ಅದನ್ನು ತೆಗೆಯುವುದು ಹೇಗೆಂದು ಮರೆತವರಂತೆ. "ಬೇಡ ಪುಟ್ಟಾ, ಅಲ್ಲೇ ಇರು. ಸ್ವಲ್ಪ ಹೊತ್ತು ಅಲ್ಲೇ ಇರು" ಎಂದರು. ದಾಕ್ಷಿ ಎರಡು ಮಾರು ದೂರದಲ್ಲಿ ನಿಂತಳು. ಅಳಲಿಲ್ಲ, ಏನನ್ನೂ ಎಸೆಯಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು.

ಸುಕನ್ಯಕ್ಕ ಗೋಡೆಗೆ ಜಾರಿ ಕೆಳಗೆ ಕೂತರು. ನನ್ನ ಮಣಿಕಟ್ಟನ್ನು ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. ಅವರ ಹಲ್ಲುಗಳು ಕಟಕಟ ಬಡಿಯುತ್ತಿದ್ದವು. "ಎರಡು ವರ್ಷ ಆಯ್ತು" ಎಂದರು. ಆಮೇಲೆ ಬೇರೆ ಯಾರದೋ ಬಾಯಿಂದ ಕೇಳಿದವರಂತೆ ಮತ್ತೊಮ್ಮೆ, "ಎರಡು ವರ್ಷ ಆಯ್ತಲ್ಲಾ?" ಎಂದು ನನ್ನನ್ನೇ ಕೇಳಿದರು. ತುಟಿ ಒಣಗಿ ಬಿರಿದಿತ್ತು. ನಾನು ಏಳಲು ನೋಡಿದೆ, ಅವರು ಕೈ ಬಿಡಲಿಲ್ಲ. ಬಿಡಿಸಿಕೊಳ್ಳಲು ನನಗೂ ಮನಸ್ಸಾಗಲಿಲ್ಲ.

ಹಜಾರದ ಆ ಬದಿಯಲ್ಲಿ ಅಷ್ಟೊಂದು ಜನ ನಿಂತಿದ್ದರು. ಸಾಹೇಬರ ಮೇಜಿನ ಹತ್ತಿರ ಮುಚ್ಚಿಟ್ಟ ಹೂಜಿ ಇತ್ತು, ಅದರ ಮೇಲೆ ಲೋಟ ಬೋರಲಾಗಿತ್ತು. ನಾನು ಒಂದು ಸಲ ಕೇಳಿದೆ. ದನಿ ಹೊರಗೆ ಬಂದಿರಲಿಕ್ಕಿಲ್ಲ ಎಂದುಕೊಂಡು, ಎಲ್ಲರಿಗೂ ಕೇಳುವಂತೆ ಇನ್ನೊಂದು ಸಲ ಹೇಳಿದೆ.

"ಯಾರಾದ್ರೂ ಇವರಿಗೆ ಒಂದು ಲೋಟ ನೀರು ಕೊಡಿ."